ಬೆನ್ನಿಲ್ಲದ ಗೌನು

ಗೌನಕ್ಕನ ಅಜ್ಜ ಫೋಟೋ ಸ್ಟುಡಿಯೋದ ಪರದೆ ಬರೆಯುವವನು. ಒಂದಕ್ಷರ ಬಾರದ ಆ ಮನುಷ್ಯ ಗೋಡೆಯಗಲದ ಬಟ್ಟೆಯ ಮೇಲೆ ಇಡೀ ಒಂದು ಪುಸ್ತಕಭಂಡಾರವನ್ನೇ ಬರೆದಿಟ್ಟಿದ್ದ. ಸಾಲುಸಾಲು ಕಪಾಟು, ಕಪಾಟಿನ ತುಂಬ ದಪ್ಪದಪ್ಪ ಪುಸ್ತಕ, ಪುಸ್ತಕದ ಬೆನ್ನಿನ ಮೇಲೆಲ್ಲ ಬಂಗಾರದ ಬಣ್ಣದ ಗೀಟು. ದೂರ ನಿಂತು ನೋಡಿದರೆ ಹೆಸರು ಬರೆದ ಹಾಗೆಯೇ ಕಾಣುತ್ತಿತ್ತು. ಹತ್ತಿರ ಹೋದರೆ ಇರುವೆ ಹರಿದ ಗುರುತು, ಅಷ್ಟೇ. ಅವನ ಮಗ, ಎಂದರೆ ಗೌನಕ್ಕನ ಅಪ್ಪ, ಕಣ್ಣು ಬಿಡಿಸುವುದರಲ್ಲಿ ಹೆಸರಾದವನು. ಫೋಟೋ ತೆಗೆಯುವ ಹೊತ್ತಿಗೆ ಸರಿಯಾಗಿ ರೆಪ್ಪೆ ಮುಚ್ಚಿದ ಗಿರಾಕಿಗೆ ನೆಗೆಟಿವ್ ಮೇಲೆ ಪೆನ್ಸಿಲ್ಲು, ಬ್ಲೇಡು ಆಡಿಸಿ ಎರಡು ಕಣ್ಣು ಕೂರಿಸಿಕೊಡುತ್ತಿದ್ದ. ಕೆಲವರಿಗೆ ದೇವರು ಕೊಟ್ಟದ್ದಕ್ಕಿಂತ ಇವನು ಕೊಟ್ಟ ಕಣ್ಣೇ ಮೇಲಾಗಿರುತ್ತಿದ್ದವು. ಅಮ್ಮ ಹೊಲಿಗೆಯವಳು. ಡಿಗ್ರಿ ಪಡೆದವರು ಹಾಕಿಕೊಳ್ಳುವ ಕಪ್ಪು ಗೌನನ್ನು ಅವಳು ಮುಂಭಾಗ ಮಾತ್ರ ಹೊಲಿದಳು. ಹಿಂದೆ ಬಟ್ಟೆಯಿಲ್ಲ, ಕಟ್ಟಿಕೊಳ್ಳಲು ಲಾಡಿ. "ಕ್ಯಾಮೆರಾಗೆ ಬೆನ್ನು ಕಾಣುತ್ತಾ? ಸುಮ್ಮನೆ ಬಟ್ಟೆ ಯಾಕೆ ದಂಡ?" ಎನ್ನುತ್ತಿದ್ದಳು. ಡೊಳ್ಳುಹೊಟ್ಟೆಯವನಿಗೂ ಕಡ್ಡಿಯಂಥವನಿಗೂ ಅದೊಂದೇ ಗೌನು ಒದಗುತ್ತಿತ್ತು.

ಇಂಥವರ ಮನೆಯಲ್ಲಿ ಹುಟ್ಟಿದ ಗೌನಕ್ಕ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಫೋಟೋ ಮೂಡಿಸುವ ಕತ್ತಲೆಕೋಣೆಯ ತಟ್ಟೆ ತೊಳೆಯಲು ನಿಂತವಳು. ಗೌನು ಹೊಲಿದದ್ದೇನೋ ಆಯಿತು, ಆದರೆ ಅದನ್ನು ತೊಟ್ಟುಕೊಂಡು ಫೋಟೋ ತೆಗೆಸಿಕೊಳ್ಳಲು ಕಾಲೇಜಿನ ಮಕ್ಕಳು ಬರಬೇಕಾದರೆ ಬೀದಿಯ ಗಾಜಿನ ಕಿಟಕಿಯಲ್ಲೊಂದು ಸ್ಯಾಂಪಲ್ ಬೇಕಲ್ಲ? ಅಪ್ಪ ಅತ್ತ ಇತ್ತ ನೋಡಿದ, ಯಾರೂ ಸಿಗಲಿಲ್ಲ. "ಏ ಹುಡುಗಿ, ಬಾ ಇಲ್ಲಿ" ಎಂದ. ಅಷ್ಟೊತ್ತಿಗೆ ಕಾಲೇಜು ಹುಡುಗಿಯ ವಯಸ್ಸಿಗೆ ಬಂದಿದ್ದ ಅವಳು ಒದ್ದೆ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಬಂದು ನಿಂತಳು. ಖಾಲಿ ಕಾಗದದ ಸುರುಳಿಗೆ ಕೆಂಪು ರಿಬ್ಬನ್ ಸುತ್ತಿ ಕೈಗೆ ಕೊಟ್ಟರು. ಹಿಂದೆ ಅಜ್ಜನ ಪುಸ್ತಕಭಂಡಾರ, ಮೈಮೇಲೆ ಅಮ್ಮನ ಗೌನು. ಅಪ್ಪ ತೆಗೆದದ್ದು ತಲೆಯಿಂದ ಪಾದದವರೆಗಿನ ಫೋಟೋ. ಕಿಟಕಿಗೆ ಹಾಕಿದ್ದು ಎದೆಮಟ್ಟಕ್ಕೆ ಕತ್ತರಿಸಿದ್ದು.

ಅಪ್ಪನದೊಂದು ಕಟ್ಟುನಿಟ್ಟು ಇತ್ತು: ಸ್ಯಾಂಪಲ್‌ನಲ್ಲಿ ಇರುವವರು ಯಾರು ಎಂದು ಗಿರಾಕಿಗೆ ಹೇಳಕೂಡದು. ಮದುಮಗಳ ಸ್ಯಾಂಪಲ್‌ಗೆ ನಿಂತವಳು ಮದುವೆಯಾಗದವಳಿರಬಹುದು, ಸಿಪಾಯಿ ಸ್ಯಾಂಪಲ್‌ಗೆ ನಿಂತವನು ಜಿರಳೆ ಕಂಡರೆ ಓಡುವವನಿರಬಹುದು. ಬಾಯಿ ಬಿಟ್ಟರೆ ವ್ಯಾಪಾರ ಕೆಟ್ಟಿತು. ಆದ್ದರಿಂದ ಯಾರೋ ತಾಯಿ "ಈ ಫೋಟೋದವಳು ನಿಮ್ಮ ಮಗಳಲ್ವಾ? ಡಿಗ್ರಿ ಮಾಡಿದಾಳಾ?" ಎಂದು ಕೇಳಿದಾಗ ಅಪ್ಪ ನಕ್ಕು, "ಫೋಟೋನೇ ಹೇಳ್ತಿದೆಯಲ್ಲಮ್ಮ" ಎಂದುಬಿಟ್ಟ. ಅಲ್ಲಿಂದ ಅವಳು ಬೀದಿಗೆಲ್ಲ ಗೌನಕ್ಕ. ಮಕ್ಕಳನ್ನು ಯಾವ ಶಾಲೆಗೆ ಹಾಕಲಿ ಎಂದು ಕೇಳುವವರು ಅವಳ ಹತ್ತಿರ ಬಂದರು. ಹೌದು ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಸ್ಟುಡಿಯೋ ಅವಳದಾಯಿತು, ಫೋಟೋ ಕಿಟಕಿಯಲ್ಲೇ ಉಳಿಯಿತು.

ಅವಳ ತಮ್ಮ ವ್ಯಾನು ಓಡಿಸುವವನು. ಅವನ ಮಗಳನ್ನು ಎಲ್ಲರೂ ಚೂಟಿ ಎಂದು ಕರೆಯುತ್ತಿದ್ದರು. ಹುಡುಗಿ ಬೆಳೆದದ್ದೆಲ್ಲ ಅತ್ತೆಯ ಸ್ಟುಡಿಯೋದಲ್ಲೇ. ಹತ್ತನೇ ಕ್ಲಾಸು ಮುಗಿದದ್ದೇ ತಮ್ಮ, "ಇನ್ನು ಸಾಕು, ಎಲ್ಲಾದರೂ ಕೆಲಸಕ್ಕೆ ಸೇರ್ಕೊಳ್ಳಲಿ" ಎಂದ. ಚೂಟಿ ಅವನ ಕೈಹಿಡಿದು ದರದರ ಎಳೆದುಕೊಂಡು ಹೋಗಿ ಗಾಜಿನ ಕಿಟಕಿಯ ಮುಂದೆ ನಿಲ್ಲಿಸಿದಳು.

"ಇದ್ಯಾರು? ನಿನ್ನ ಅಕ್ಕ ತಾನೇ? ನಿಮ್ಮಪ್ಪ ಮಗಳನ್ನ ಓದಿಸಿದ. ನಿನಗೇನು ಬಂದಿದೆ ರೋಗ?"

ತಮ್ಮ ಅಕ್ಕನ ಮುಖ ನೋಡಿದ. ಒಂದೇ ಮಾತಿನಲ್ಲಿ ಎಲ್ಲ ಮುಗಿಸಬಹುದಿತ್ತು ಅವನು. ಗೌನಕ್ಕ ತಲೆ ತಗ್ಗಿಸಿ ಕಿಟಕಿಯ ಗಾಜು ಒರೆಸುತ್ತಲೇ ಇದ್ದಳು. ಅವನು "ಸರಿ, ಓದು ಹೋಗು" ಎಂದು ವ್ಯಾನು ಹತ್ತಿದ. ಅಂದಿನಿಂದ ಅಕ್ಕ ತಮ್ಮ ಇಬ್ಬರೂ ಆ ವಿಷಯ ಎತ್ತಿದವರಲ್ಲ.

ಚೂಟಿ ಓದಿದಳು, ಕಲಾ ಕಾಲೇಜು ಸೇರಿ ಫೋಟೋ ತೆಗೆಯುವುದನ್ನೇ ಕಲಿತಳು. ಕೊನೆಯ ವರ್ಷದ ಪರೀಕ್ಷೆಗೆ ವೇಷದ ಫೋಟೋಗಳ ಸರಣಿ ಮಾಡಬೇಕಿತ್ತು. ಜೊತೆಯ ಹುಡುಗನೊಬ್ಬನಿಗೆ ಬಾಡಿಗೆ ಕೋಟು ಹಾಕಿಸಿ ಜಡ್ಜ್ ಮಾಡಿದಳು, ಹಾಸ್ಟೆಲ್ಲಿನ ಅಡುಗೆಯವಳನ್ನು ರಾಣಿ ಮಾಡಿದಳು, ತಾನೇ ಮೀಸೆ ಅಂಟಿಸಿಕೊಂಡು ಪೈಲ್ವಾನ್ ಆದಳು. ಎಲ್ಲದಕ್ಕೂ ಅತ್ತೆಯದೇ ಪರದೆ, ಅತ್ತೆಯದೇ ಪೆಟ್ಟಿಗೆಯ ಕನ್ನಡಕ, ಗಡಿಯಾರ. ಗೌನಕ್ಕನೂ ಕುಲುಕುಲು ನಗುತ್ತ ಮೀಸೆಗೆ ಗೋಂದು ಹಚ್ಚಿದ್ದಳು.

ಆದರೆ ಪ್ರದರ್ಶನದ ಹಿಂದಿನ ದಿನ ಬೆಳಗ್ಗೆ ಹುಡುಗಿ ಬಂದು ಹೇಳಿದ ಮಾತಿಗೆ ಗೌನಕ್ಕನ ನಗು ಬತ್ತಿಹೋಯಿತು.

"ಅತ್ತೆ, ನಾಳೆ ಪ್ರದರ್ಶನ. ಸುತ್ತ ಗೋಡೆ ತುಂಬ ಸುಳ್ಳು ಫೋಟೋ ಹಾಕ್ತೀನಿ. ಮಧ್ಯದಲ್ಲಿ ಒಂದೇ ಒಂದು ನಿಜದ್ದು, ಆಳೆತ್ತರ. ಯಾವುದು ಹೇಳು?"

"ಯಾವುದೇ?"

"ನಿನ್ನ ಗೌನಿನ ಫೋಟೋ! ಅದೇ ಪರದೆ, ಅದೇ ಸ್ಟುಡಿಯೋ, ಆದ್ರೆ ನೀನೊಬ್ಬಳು ಮಾತ್ರ ವೇಷ ಹಾಕಿಲ್ಲ. ನಮ್ಮ ಮೇಷ್ಟ್ರು ಕೇಳಿ ಎದ್ದು ನಿಂತುಬಿಟ್ರು. ಹೊರಗಿಂದ ಬರೋ ಪರೀಕ್ಷಕರು ನಿನ್ನನ್ನೇ ಮಾತಾಡಿಸ್ತಾರಂತೆ. ಕಿಟಕೀಲಿರೋದು ಚಿಕ್ಕದು, ಅರ್ಧದ್ದು. ನೆಗೆಟಿವ್ ಬೇಕು. ತೆಗೆದಿಡು, ಮಧ್ಯಾಹ್ನ ಬರ್ತೀನಿ."

"ಅದು ಹಳೇದು ಕಣೇ. ಹಾಳಾಗಿರಬಹುದು."

"ನಿಮ್ಮಪ್ಪ ಇಟ್ಟಿದ್ದು ಹಾಳಾಗುತ್ತಾ? ಹೋಗು ಅತ್ತೆ!"

ಹುಡುಗಿ ಬಿರುಗಾಳಿಯ ಹಾಗೆ ಹೋದಳು. ನೆಗೆಟಿವ್ ಎಲ್ಲಿದೆ ಎಂದು ಗೌನಕ್ಕನಿಗೆ ಗೊತ್ತಿತ್ತು, ಅದರಲ್ಲಿ ಏನಿದೆ ಎಂದೂ ಗೊತ್ತಿತ್ತು. ಕಪಾಟಿನ ಡಬ್ಬಿಯಿಂದ ತೆಗೆದು, ಕೆಳಗಿನಿಂದ ಬೆಳಕು ಬೀಳುವ ಅಪ್ಪನ ಗಾಜಿನ ಮೇಜಿನ ಮೇಲಿಟ್ಟಳು. ಎದೆಮಟ್ಟದವರೆಗೆ ಕಾಲೇಜಿನ ಹುಡುಗಿ. ಸೊಂಟದ ಹತ್ತಿರ, ಗೌನಿನ ಅಂಚಿನಲ್ಲಿ, ನಾಲ್ಕು ಬೆರಳು. ಅಂದು ಅಮ್ಮ ಇನ್ನೂ ಲಾಡಿ ಹೊಲಿದಿರಲಿಲ್ಲ. ಗೌನು ಜಾರದ ಹಾಗೆ ಮಗಳ ಹಿಂದೆ ಕುಕ್ಕರಗಾಲಿನಲ್ಲಿ ಕೂತು ಬಟ್ಟೆಯನ್ನು ಚಿವುಟಿ ಹಿಡಿದಿದ್ದಳು. ಗೌನಿನ ಕೆಳಗೆ ಬರಿಗಾಲು. ಪಕ್ಕದಲ್ಲಿ ತಟ್ಟೆ ತೊಳೆಯುವ ಬಕೆಟ್ಟು. ಇದನ್ನು ಆಳೆತ್ತರ ಮಾಡಿ ನಿಲ್ಲಿಸಿದರೆ ಮುಗಿಯಿತು, ಕುರುಡನಿಗೂ ಕಾಣುತ್ತದೆ.

ಅಪ್ಪನ ಬ್ಲೇಡು ಡ್ರಾಯರಿನಲ್ಲೇ ಇತ್ತು. ನೆಗೆಟಿವ್‌ನಲ್ಲಿ ಬೆಳ್ಳಗಿನದೆಲ್ಲ ಕಪ್ಪಗೆ ಕಾಣುತ್ತದೆ. ಅಮ್ಮನ ಬೆರಳೂ ಕಪ್ಪಗಿದ್ದವು. ಆ ಕಪ್ಪನ್ನು ಹಗುರವಾಗಿ ಕೆರೆದು ತೆಗೆದರೆ ಪ್ರಿಂಟಿನಲ್ಲಿ ಬೆರಳು ಗೌನಿನ ಕಪ್ಪಿನೊಳಗೆ ಕರಗಿಹೋಗುತ್ತದೆ. ಇಂಥದ್ದನ್ನು ಅವಳು ಊರಿನವರಿಗೆಲ್ಲ ಮಾಡಿಕೊಟ್ಟವಳು. ಮದುವೆ ಗಂಡಿನ ಮಚ್ಚೆ, ಮುದುಕಿಯ ಗಂಟಲ ಸುಕ್ಕು, ಎಲ್ಲ ಅವಳ ಪೆನ್ಸಿಲ್ಲು, ಬ್ಲೇಡಿಗೆ ಸಿಕ್ಕು ಮಾಯವಾದವೇ. ಕನ್ನಡಕ ಏರಿಸಿ ಬಗ್ಗಿದಳು. ಬ್ಲೇಡಿನ ತುದಿ ಕಿರುಬೆರಳ ಮೇಲೆ ಬಂದು ನಿಂತಿತು.

"ಗೌನಕ್ಕಾ!" ಬಾಗಿಲಲ್ಲಿ ಪಕ್ಕದ ಚಹಾದಂಗಡಿಯವನು. ಅವಳ ಕೈಯ ಬ್ಲೇಡು ಮೇಜಿಗೆ ಬಿತ್ತು. "ನಿಮ್ಮ ಫೋಟೋ ಆಳೆತ್ತರ ಮಾಡ್ತಾರಂತೆ? ಮುಗಿದ ಮೇಲೆ ನಮ್ಮ ಅಂಗಡಿ ಮುಂದೆ ನಿಲ್ಲಿಸ್ತೀರಾ? ಕಾಗೆ ಹತ್ತಿರ ಸುಳಿಯಲ್ಲ."

"ನಿನ್ನ ಮುಖ ಇರುವಾಗ ನನ್ನದೇಕಯ್ಯ? ಚಹಾ ಇಟ್ಟು ಹೋಗು."

ಅವನು ನಗುತ್ತ ಹೋದ. ಅವಳು ಮತ್ತೆ ಬ್ಲೇಡು ಹಿಡಿದಳು. ಕೆರೆಯುವ ಮೊದಲು ಅಮ್ಮನ ಬೆರಳುಗಳನ್ನು ನೋಡುತ್ತ ಕೂತಳು. ತೋರುಬೆರಳಿಗೆ ಹಾಕಿದ್ದ ಹೊಲಿಗೆಯ ಟೋಪಿಯನ್ನು ಅಮ್ಮ ತೆಗೆದಿರಲಿಲ್ಲ. ಸೂಜಿ ಚುಚ್ಚದಿರಲಿ ಎಂದು ಹಾಕಿಕೊಳ್ಳುವ ಆ ತಗಡಿನ ಟೋಪಿ ಅಷ್ಟು ಸಣ್ಣದರಲ್ಲೂ ಎದ್ದು ಕಾಣುತ್ತಿತ್ತು. ಅಪ್ಪನಿಗೆ ಅಮ್ಮನದೊಂದು ಫೋಟೋ ತೆಗೆಯಲು ಎಂದೂ ಪುರುಸೊತ್ತು ಆಗಿರಲಿಲ್ಲ. ಇಷ್ಟು ದೊಡ್ಡ ಸ್ಟುಡಿಯೋದಲ್ಲಿ ಅಮ್ಮನದು ಅಂತ ಇದ್ದದ್ದು ಇದೊಂದೇ.

ಚಹಾ ಆರಿ ಕೆನೆಕಟ್ಟಿತು. ಹೊರಗೆ ಚೂಟಿಯ ಚಪ್ಪಲಿ ಸದ್ದು ಕೇಳಿಸಿತು. ಗೌನಕ್ಕ ಬ್ಲೇಡನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು. ನೆಗೆಟಿವ್ ಮೇಜಿನ ಮೇಲೇ ಇತ್ತು.

"ಸಿಕ್ತಾ?" ಹುಡುಗಿ ಬಗ್ಗಿದಳು. ಮೊದಲು ನಕ್ಕಳು, ಆಮೇಲೆ ನಗು ಅಲ್ಲೇ ನಿಂತಿತು. ಅವಳೂ ಇದೇ ಮೇಜಿನಲ್ಲಿ ಬೆಳೆದವಳು, ಕಪ್ಪುಬಿಳಿ ತಿರುಗಿಸಿ ಓದಲು ಅವಳಿಗೆ ಯಾರೂ ಕಲಿಸಬೇಕಿರಲಿಲ್ಲ.

"ಇದು... ಇದು ನಮ್ಮ ಅರ್ಧ ಗೌನು."

"ಹೂಂ."

"ಯಾರ ಕೈ ಇದು?"

"ನಿಮ್ಮಜ್ಜೀದು."

"ಅಂದ್ರೆ ಇದು ಸ್ಯಾಂಪಲ್ಲಾ?" ದನಿ ಏರಿತು. "ಅತ್ತೆ, ನೀನು ಎಷ್ಟು ಓದಿದೀಯ?"

"ಏಳನೇ ಕ್ಲಾಸು."

ಚೂಟಿ ಕುರ್ಚಿ ಸರಿಸಿ ಎದ್ದಳು, ಪರದೆಯವರೆಗೆ ಹೋದಳು, ತಿರುಗಿ ಬಂದಳು. "ಕಾಲೇಜಿಗೆ ಸೇರುವಾಗ ಎಲ್ಲರ ಮುಂದೆ ಎದೆ ತಟ್ಟಿ ಹೇಳಿದ್ದೆ, ನಮ್ಮ ಮನೇಲಿ ನಾನೇ ಮೊದಲನೆಯವಳಲ್ಲ, ನಮ್ಮತ್ತೆ ಇದಾಳೆ ಅಂತ. ಅಪ್ಪನ್ನ ಬೀದೀಲಿ ನಿಲ್ಲಿಸಿ ಬೈದೆ. ಅಪ್ಪಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಇಬ್ಬರೂ ಸೇರಿ ನನ್ನನ್ನ ಗೊಂಬೆ ಆಡಿಸಿದ್ರಿ."

"ಅವನು ಬಾಯಿ ಬಿಟ್ಟಿದ್ದರೆ ನೀನು ಇವತ್ತು ಯಾವುದೋ ಅಂಗಡೀಲಿ ಪೊಟ್ಟಣ ಕಟ್ತಿದ್ದೆ. ನನಗೆ ಭಯ ಇತ್ತು ಕಣೇ. ಹೇಳಿದರೆ ನೀನು ಓದು ನಿಲ್ಲಿಸಿಬಿಡ್ತೀಯ ಅಂತ ಮೊದಲು. ಆಮೇಲೆ, ಹೇಳಿದರೆ ನನ್ನನ್ನ ಹೀಗೆ ನೋಡ್ತೀಯ ಅಂತ. ಈಗ ನೋಡ್ತಿದೀಯಲ್ಲ, ಹೀಗೆ."

ಹುಡುಗಿ ಮುಖ ತಿರುಗಿಸಿಕೊಂಡಳು. ಕಣ್ಣು ಒರೆಸಿಕೊಂಡದ್ದನ್ನು ಅತ್ತೆ ನೋಡಿಯೂ ನೋಡದಂತೆ ಇದ್ದಳು. ಬೀದಿಯಲ್ಲಿ ಯಾರೋ ಗಾಜಿನ ಕಿಟಕಿಯ ಮುಂದೆ ನಿಂತು ತಲೆ ಬಾಚಿಕೊಂಡು ಹೋದರು.

ಕೊನೆಗೆ ಚೂಟಿ ಚೀಲದಿಂದ ಲ್ಯಾಪ್‌ಟಾಪ್ ತೆಗೆದಳು. "ಮೇಷ್ಟ್ರಿಗೆ ಹೇಳಿಯಾಗಿದೆ, ಈಗ ಬದಲಾಯಿಸಕ್ಕಾಗಲ್ಲ. ಕೊಡು ಇಲ್ಲಿ. ಕಂಪ್ಯೂಟರಲ್ಲಿ ಕೈ, ಕಾಲು, ಬಕೆಟ್ಟು ಎಲ್ಲ ಅಳಿಸಿಬಿಡ್ತೀನಿ. ಬೇಕಾದ್ರೆ ಶೂ ಹಾಕ್ತೀನಿ. ಪರೀಕ್ಷಕರು ಭೂತಗನ್ನಡಿ ಹಿಡಿದು ಬಂದರೂ ಗೊತ್ತಾಗಲ್ಲ. ನಿನ್ನ ಮಾನ ನಾನು ಉಳಿಸ್ತೀನಿ ಅತ್ತೆ, ನೀನು ಸುಮ್ಮನಿರು."

ಗೌನಕ್ಕ ನೆಗೆಟಿವ್ ಎತ್ತಿ ಹುಡುಗಿಯ ಅಂಗೈಯಲ್ಲಿಟ್ಟಳು. ಅದರ ಮೇಲೆ ತನ್ನ ಕೈಯನ್ನೂ ಇಟ್ಟು ಒತ್ತಿ ಹಿಡಿದಳು.

"ಬೇಡಮ್ಮ. ಅಳಿಸೋದು ನನಗೂ ಬರುತ್ತೆ, ಬೆಳಗ್ಗೆಯಿಂದ ಬ್ಲೇಡು ಹಿಡಿದು ಕೂತಿದ್ದೆ. ಇದೊಂದು ನಿಜದ್ದು ಅಂತ ಅಲ್ಲಿ ಹೇಳಿದೀಯಲ್ಲ, ಹಾಗಾದ್ರೆ ಹೀಗೇ ಮಾಡಿ ನಿಲ್ಲಿಸು. ಅಮ್ಮನ ಬೆರಳಿನ ಟೋಪಿ ಕಾಣೋ ಹಾಗೆ ದೊಡ್ಡದು ಮಾಡು. ಪರೀಕ್ಷಕರು ಕೇಳಿದ್ರೆ ನಾನೇ ಬಂದು ಹೇಳ್ತೀನಿ, ನೀನು ಪಕ್ಕದಲ್ಲೂ ನಿಲ್ಲಬೇಡ. ನನ್ನ ಮಾನ ನನಗೆ ಬಿಡು."