ಅಕ್ಕನ ಎಮ್ಮೆಯ ಹಾಲು

ಕಂಪ್ಲಿಯ ಅಕ್ಕನ ಮನೆಗೆ ಹೋದಾಗೆಲ್ಲ ಎರಡನೇ ದಿನಕ್ಕೇ ನಾನು ಬ್ಯಾಗು ಹೆಗಲಿಗೇರಿಸುತ್ತಿದ್ದೆ. ಉಳಿಯುವ ಆಸೆ ಭಾಳ ಇರುತ್ತಿತ್ತು. ಆದರೆ ಅಕ್ಕ ತನ್ನ ಎಮ್ಮೆಯ ಹಾಲನ್ನು ದೊಡ್ಡ ಲೋಟದಲ್ಲಿ ತಂದುಕೊಟ್ಟು, ಕುಡಿದು ಮುಗಿಸುವ ತನಕ ಎದುರಿಗೇ ಕೂರುತ್ತಿದ್ದಳು. ಆಮೇಲೆ ನನ್ನ ಹೊಟ್ಟೆ ಗುಡುಗುತ್ತಿತ್ತು. ಅಷ್ಟು ಅಕ್ಕರೆಯಿಂದ ಕೊಟ್ಟವಳಿಗೆ ನಿನ್ನ ಹಾಲು ನನಗೆ ಆಗಿಬರುವುದಿಲ್ಲ ಎಂದು ಹೇಗೆ ಹೇಳಲಿ? ಸಂಡೂರಿನಲ್ಲಿ ನಾನು ಓಡಿಸುವ ಲಾರಿ ಕಾಯುತ್ತಿದೆ ಎಂದು ನೆವ ಹೇಳಿ ಹೊರಟುಬಿಡುತ್ತಿದ್ದೆ.

"ನಿನ್ ಕಾಲಾಗ ಚಕ್ರ ಐತಿ, ಹೋಗಲೇ," ಎಂದು ಅವಳು ಮುಖ ತಿರುಗಿಸುತ್ತಿದ್ದಳು.

ಕೊನೆಗೆ ಹೊಟ್ಟೆ ತೋರಿಸಲು ಹೋದಾಗ ಹೊಸಪೇಟೆಯ ಡಾಕ್ಟರೊಬ್ಬರು ರಕ್ತಪರೀಕ್ಷೆಗೆ ಬರೆದುಕೊಟ್ಟರು. ಲ್ಯಾಬಿನಾಕೆ ಖಾಲಿ ಹೊಟ್ಟೆಯಲ್ಲಿ ರಕ್ತ ತೆಗೆದು, ಹಾಲಿನಲ್ಲಿರುವ ಸಕ್ಕರೆಯನ್ನೇ ಕಲಸಿದ ನೀರು ಕುಡಿಸಿದಳು.

"ನಡುನಡುವೆ ಮತ್ತ ರಕ್ತ ತಗೋತೀನ್ರಿ. ಅಲ್ಲಿತನಕ ಓಡಾಡಬ್ಯಾಡ್ರಿ, ಇಲ್ಲೇ ಕುಂದ್ರಿ."

ಒಂದೇ ಕಡೆ ಕೂರುವುದನ್ನು ಶಾಲೆಯ ಜೊತೆಗೇ ಬಿಟ್ಟವನು ನಾನು. ಬಾಗಿಲ ತನಕ ಹೋಗಿದ್ದೆ, ಅಷ್ಟೇ.

"ಅಣ್ಣಾರ, ಎಲ್ಲಿಗ್ರಿ?"

"ಬಸ್ ನೋಡಾಕ."

"ಯಾವ ಊರಿನ ಬಸ್ರಿ?"

"ಯಾವ್ದಾದ್ರೂ."

ಅವಳು ನಗುತ್ತಲೇ ನನ್ನ ಬ್ಯಾಗನ್ನು ತನ್ನ ಮೇಜಿನ ಕೆಳಗೆ ಇಟ್ಟುಕೊಂಡಳು.

ರಿಪೋರ್ಟು ನೋಡಿ ಡಾಕ್ಟರು, "ಹಾಲು ಅರಗಿದ್ರ ರಕ್ತದಾಗ ಶುಗರ್ ಏರಬೇಕಿತ್ತು. ನಿಮಗ ಏರಿಲ್ಲ," ಎಂದರು. ಕೂಡಲೇ ಅಕ್ಕನಿಗೆ ಫೋನು ಮಾಡಿದೆ.

"ಅಕ್ಕಾ, ತಪ್ಪು ನನ್ನ ಕಾಲಿಂದಲ್ಲ, ನಿನ್ನ ಎಮ್ಮಿ ಹಾಲಿಂದು. ನನಗದು ಅರಗಂಗಿಲ್ಲ."



"ಅದಕ್ಕ ಓಡಿಹೋಗ್ತಿದ್ದೇನೋ ಹುಚ್ಚ? ನಾನೇ ಏನೋ ಅಂದೀನಿ ಅಂತ ಕುಂತಿದ್ನಲ್ಲೋ. ಹಾಲು ಎಮ್ಮಿ ಕರ ಕುಡೀಲಿ, ನೀ ಬಾ."

ಕಂಪ್ಲಿ ಬಸ್ಸು ಹತ್ತಿದೆ. ಅಕ್ಕನ ಮನೆಯ ಮೂರನೇ ದಿನ ಹೇಗಿರುತ್ತದೋ, ನಾನಿನ್ನೂ ನೋಡಿಲ್ಲ. ಎದ್ದು ಹೊರಡಲು ಈಗ ನೆವವೂ ಇಲ್ಲ. ಕಾಲುಗಳಿಗೆ ಮಾತ್ರ ಈ ಸುದ್ದಿ ಇನ್ನೂ ತಿಳಿಸಿಲ್ಲ.