ಬಲತಿರುವಿನಲ್ಲಿ ಅಣ್ಣನ ಎಡಗಾಲು

ನನ್ನ ಅಣ್ಣ ಚಿತ್ರದುರ್ಗದಲ್ಲಿ ಬೈಕ್ ಗ್ಯಾರೇಜ್ ಇಟ್ಟುಕೊಂಡಿದ್ದ. ವರ್ಷಕ್ಕೆ ಮೂರು ನಾಲ್ಕು ಸಲ ತನ್ನ ಬೈಕನ್ನು ಪಿಕಪ್ ಗಾಡಿಗೆ ಹಗ್ಗ ಹಾಕಿ ಕಟ್ಟಿ, ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿಗೆ ಹೋಗಿ ಓಡಿಸಿ ಬರುತ್ತಿದ್ದ. ದೊಡ್ಡ ರೇಸುಗಾರನೇನಲ್ಲ. ಆರನೆಯವನೋ ಏಳನೆಯವನೋ ಆಗಿ ಬಂದರೂ ಒಂದು ವಾರ ಅದೇ ಮಾತು, ಅದೇ ಖುಷಿ.

ನಾನು ಹೊಳಲ್ಕೆರೆಯ ಹೈಸ್ಕೂಲೊಂದರಲ್ಲಿ ದೈಹಿಕ ಶಿಕ್ಷಣದ ಶಿಕ್ಷಕಿ. ಓಡುವಾಗ ಯಾರ ಕೈ ಅಡ್ಡ ಬೀಸುತ್ತದೆ, ಯಾರ ಹೆಜ್ಜೆ ಹಿಮ್ಮಡಿಯ ಮೇಲೆ ಬೀಳುತ್ತದೆ ಎಂದು ನೋಡುವುದೇ ನನ್ನ ಕೆಲಸ. ಅದಕ್ಕೇ ಅಣ್ಣ ನನ್ನನ್ನು ಹಿಡಿದ.

"ಬೈಕ್ ಮೇಲೆ ನಾನು ಹೆಂಗೆ ಕುಂತೀನಿ ಅಂತ ನಂಗೆ ಕಾಣಲ್ಲ ಕಣವ್ವ. ನೀನು ನಿಂತು ನೋಡು. ಫೋನಾಗೆ ಹಿಡಿ. ಮುಲಾಜು ನೋಡಬ್ಯಾಡ, ತಪ್ಪಿದ್ರೆ ಬಯ್ಯಿ" ಅಂದ.

ಮದಕರಿಪುರದ ಕಡೆ ಸೈಟುಗಳಿಗೆಂದು ರಸ್ತೆ ಹಾಕಿ ಬಿಟ್ಟಿದ್ದ ಒಂದು ಲೇಔಟ್ ಇತ್ತು. ಡಾಂಬರು ಚೆನ್ನಾಗಿತ್ತು, ಒಂದು ಮನೆಯೂ ಎದ್ದಿರಲಿಲ್ಲ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋಗಿ ಮೊದಲು ತಿರುವುಗಳಲ್ಲಿದ್ದ ಜಲ್ಲಿ, ಮಣ್ಣು ಗುಡಿಸುತ್ತಿದ್ದೆವು. ಕುರಿ ಹಿಂಡು ದಾಟುತ್ತಿದ್ದರೆ ಅದು ಹೋಗುವವರೆಗೆ ಬೈಕ್ ಆಫ್ ಮಾಡಿ ಕಾಯುತ್ತಿದ್ದೆವು. ಆಮೇಲೆ ಅವನು ಓಡಿಸುವುದು, ನಾನು ತಿರುವಿನ ಒಳಗೆ ನಿಂತು ಅವನು ಬರುವುದನ್ನು, ಹೋಗುವುದನ್ನು ಫೋನಿನಲ್ಲಿ ಹಿಡಿಯುವುದು.

ನನಗೆ ಬೈಕ್ ಓಡಿಸಲು ಬರುತ್ತಿರಲಿಲ್ಲ. ಆದರೆ ಆರು ತಿಂಗಳಲ್ಲಿ ಅವನ ಮೈ ಏನು ಮಾಡಬೇಕು ಎನ್ನುವುದು ಗೊತ್ತಾಯಿತು. ಬಲಕ್ಕೆ ತಿರುಗಬೇಕಾದರೆ ಬ್ರೇಕ್ ಹಿಡಿಯುವ ಮೊದಲೇ ಅರ್ಧ ಕುಂಡಿ ಸೀಟಿನಿಂದ ಬಲಕ್ಕೆ ಸರಿದಿರಬೇಕು. ಬಲಮಂಡಿ ಹೊರಕ್ಕೆ ತೆರೆಯಬೇಕು. ಎದೆ ತಗ್ಗಬೇಕು, ಮೊಣಕೈ ಸಡಿಲವಾಗಿರಬೇಕು, ಕಣ್ಣು ಮುಂದಿನ ಚಕ್ರವನ್ನಲ್ಲ, ತಿರುವು ಮುಗಿಯುವ ಜಾಗವನ್ನು ನೋಡುತ್ತಿರಬೇಕು. ಹೀಗೆ ಬಲಕ್ಕೆ ಬಾಗಿದ ಮೈಯನ್ನೆಲ್ಲ ಹಿಡಿದಿಟ್ಟುಕೊಳ್ಳುವುದು ಎಡಗಾಲು. ಎಡತೊಡೆ ಪೆಟ್ರೋಲ್ ಟ್ಯಾಂಕಿಗೆ ಒತ್ತಿಕೊಂಡಿರಬೇಕು. ಆ ಕಾಲು ಸಡಿಲವಾದರೆ ಭಾರವೆಲ್ಲ ಕೈಗೆ ಬೀಳುತ್ತದೆ. ಹ್ಯಾಂಡಲ್ ಹಿಡಿದು ನೇತಾಡಿದರೆ ಬೈಕ್ ತಿರುಗದೆ ಹೊರಕ್ಕೆ ಓಡುತ್ತದೆ. ಎಡತಿರುವಿಗೆ ಇದೇ ಕೆಲಸ ಬಲಗಾಲಿನದು.

ಎರಡನೇ ವರ್ಷ ಅಣ್ಣ ಎಡತಿರುವುಗಳಲ್ಲಿ ಎಷ್ಟು ಚೆನ್ನಾಗಿ ಬಾಗುತ್ತಿದ್ದನೆಂದರೆ ನಾನು ಹೇಳುವುದಕ್ಕೆ ಏನೂ ಉಳಿದಿರಲಿಲ್ಲ. ಬಲತಿರುವುಗಳು ಮಾತ್ರ ಕೆಡುತ್ತಾ ಬಂದವು. ಮೊದಲು ಸರಿಯಾಗಿ ಮಾಡುತ್ತಿದ್ದುದನ್ನೇ ಈಗ ತಪ್ಪು ಮಾಡುತ್ತಿದ್ದ. ಎಡತೊಡೆ ಟ್ಯಾಂಕಿನಿಂದ ಬಿಟ್ಟುಕೊಳ್ಳುತ್ತಿತ್ತು. ಭುಜ ಬಿಗಿಯುತ್ತಿತ್ತು.

"ತೊಡೆ ಒತ್ತೋ ಅಣ್ಣ!"

"ಒತ್ತಿದೀನಿ ಕಣವ್ವ."

"ಎಲ್ಲಿ ಒತ್ತಿದೀಯ? ಸೋಮಾರಿ ಆಗಿದೀಯ ನೀನು. ವಯಸ್ಸಾಯ್ತು ಅಂತ ಒಪ್ಕೊಂಡ್ಬಿಡು."

ಅವನು ನಗುತ್ತಿದ್ದ. ಇನ್ನೊಂದು ಸುತ್ತು ಹೋಗುತ್ತಿದ್ದ.

ಅದೇ ಸಮಯದಲ್ಲಿ ಗೇರು ಸರಿಯಾಗಿ ಬೀಳುತ್ತಿಲ್ಲ ಎನ್ನತೊಡಗಿದ. ಬೈಕಿನಲ್ಲಿ ಗೇರು ಹಾಕುವುದು ಎಡಪಾದ. ಮೇಲಿನ ಗೇರಿಗೆ ಲಿವರನ್ನು ಪಾದದಿಂದ ಎತ್ತಬೇಕು, ಅದು ಅರ್ಧಕ್ಕೇ ನಿಲ್ಲುತ್ತಿತ್ತು. ಅಣ್ಣ ಎರಡು ಸಲ ಇಂಜಿನ್ ಇಳಿಸಿ ಗೇರ್‌ಬಾಕ್ಸ್ ಬಿಚ್ಚಿದ. ಹಲ್ಲುಗಳೆಲ್ಲ ಸರಿಯಾಗಿದ್ದವು. ಲಿವರ್ ಬದಲಿಸಿದ, ಬೂಟು ಬದಲಿಸಿದ. ಊರಿನವರ ಬೈಕಿನ ಕಾಯಿಲೆಯನ್ನು ಸದ್ದು ಕೇಳಿಯೇ ಹೇಳುತ್ತಿದ್ದವನಿಗೆ ತನ್ನ ಗಾಡಿಯದು ಸಿಗಲಿಲ್ಲ.

ಆ ವರ್ಷ ಟ್ರ್ಯಾಕಿಗೆ ನಾನೂ ಹೋಗಿದ್ದೆ. ಮಧ್ಯಾಹ್ನದ ಸುತ್ತಿನಲ್ಲಿ, ವೇಗವೇ ಇಲ್ಲದ ಒಂದು ಬಲತಿರುವಿನಲ್ಲಿ ಅಣ್ಣ ಹೊರಕ್ಕೆ ಓಡಿ ಮಣ್ಣಿಗಿಳಿದು ಬಿದ್ದ. ಎದ್ದು ಬೈಕ್ ತಳ್ಳಿಕೊಂಡು ಬಂದ, ಪೆಟ್ಟಾಗಿರಲಿಲ್ಲ. ಬೇರೆ ಊರುಗಳ ಸವಾರರು ಸುತ್ತ ನಿಂತಿದ್ದರು. ಅವರ ಎದುರಿಗೇ ನಾನು ಫೋನು ಹಿಡಿದು ತೋರಿಸಿದೆ. "ನೋಡು, ಕಾಲು ಹೆಂಗೆ ಜೋಲು ಬಿಟ್ಟಿದೀಯ. ಎರಡು ವರ್ಷ ಹೇಳ್ಕೊಟ್ಟಿದ್ದು ಮಣ್ಣಾತು." ಅಣ್ಣ ಹೆಲ್ಮೆಟ್ ತೆಗೆಯಲೇ ಇಲ್ಲ. ಒಳಗಿನಿಂದಲೇ "ಹೂಂ" ಅಂದ.

ಗೊತ್ತಾಗಿದ್ದು ಅತ್ತಿಗೆಯಿಂದ. ಅವರ ಮನೆ ಗ್ಯಾರೇಜಿನ ಮೇಲೆಯೇ ಇತ್ತು. ಒಂದು ದಿನ ಫೋನು ಮಾಡಿ ಅಂದಳು, "ನಿಮ್ಮಣ್ಣನ ಎಡಗಾಲಿನ ಚಪ್ಪಲಿ ಮೆಟ್ಟಿಲ ಮೇಲೆ ಬಿದ್ದೋಗ್ತದೆ ಕಣವ್ವ. ಬಿದ್ದಿದ್ದು ಅವರಿಗೆ ಗೊತ್ತೇ ಆಗಲ್ಲ."

ದಾವಣಗೆರೆಯ ಡಾಕ್ಟರು ನೋಡಿ ಬೆಂಗಳೂರಿಗೆ ಕಳಿಸಿದರು. ಅಲ್ಲಿಯ ನರರೋಗದ ಡಾಕ್ಟರು ವಯಸ್ಸಾದ ಹೆಂಗಸು. ಅಣ್ಣನ ಕಾಲನ್ನು ತುಂಬಾ ಹೊತ್ತು ಒತ್ತಿ, ತಟ್ಟಿ ನೋಡಿದರು. ಪರೀಕ್ಷೆಗಳೆಲ್ಲ ಮುಗಿದ ಮೇಲೆ ನಮ್ಮ ಮೂವರನ್ನೂ ಕೂರಿಸಿ, ಇದು ಮೋಟಾರ್ ನ್ಯೂರಾನ್ ಕಾಯಿಲೆ, ಸ್ನಾಯುಗಳು ಒಂದೊಂದಾಗಿ ಸೋಲುತ್ತಾ ಹೋಗುತ್ತವೆ, ಇದನ್ನು ವಾಸಿಮಾಡುವ ಔಷಧ ಇಲ್ಲ ಎಂದರು.

ಅತ್ತಿಗೆ ಮೋಟಾರ್ ಎನ್ನುವ ಮಾತನ್ನೇ ಹಿಡಿದುಕೊಂಡಳು. "ಗಾಡಿ ಓಡಿಸಿದ್ದಕ್ಕೆ ಬಂತೇನ್ರಿ ಡಾಕ್ಟ್ರೇ?"

"ಅಲ್ಲಮ್ಮ. ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾವಾಗಿಂದ ಶುರುವಾಯ್ತು ಅಂತ ಏನಾದ್ರೂ ನೆನಪಿದೆಯಾ?"

ಅಣ್ಣ ನನ್ನ ಕಡೆ ನೋಡಿದ. "ಇವ್ಳ ಫೋನಾಗೆ ಐತ್ರಿ" ಅಂದ.

ನಾನು ವಿಡಿಯೋಗಳನ್ನು ತೆಗೆದು ಕೊಟ್ಟೆ. ಡಾಕ್ಟರು ಕನ್ನಡಕ ಹಾಕಿಕೊಂಡು ಹಳೆಯದರಿಂದ ಶುರುಮಾಡಿ ಒಂದೊಂದನ್ನೇ ನೋಡುತ್ತಾ ಹೋದರು. ಒಂದರ ಹತ್ತಿರ ನಿಂತು ಎರಡು ಸಲ ನೋಡಿದರು. "ಇಲ್ಲಿ ಆಗಲೇ ಕಾಲು ಸೋಲ್ತಾ ಇದೆ" ಎಂದರು. ಒಂದೂವರೆ ವರ್ಷದ ಹಿಂದಿನದು ಅದು. ಫೋನಿನಿಂದ ನನ್ನ ಸ್ವರ ಆ ಸಣ್ಣ ಕೋಣೆ ತುಂಬಾ ಕೇಳಿಸುತ್ತಿತ್ತು. ಎಲ್ಲಿ ಒತ್ತಿದೀಯ, ಸೋಮಾರಿ ಆಗಿದೀಯ ನೀನು. ಡಾಕ್ಟರು ನನ್ನ ಮುಖ ನೋಡದೆ ಹೆಬ್ಬೆರಳಿನಿಂದ ಸದ್ದು ಕಡಿಮೆ ಮಾಡಿ, ಮುಂದಿನದನ್ನು ನೋಡತೊಡಗಿದರು.

ಹೊರಗೆ ಬೆಂಚಿನ ಮೇಲೆ ನಾನು ಅಳುತ್ತಾ ಕೂತೆ. ಅಣ್ಣ ಪಕ್ಕದಲ್ಲಿ ಕೂತ.

"ಲೇ, ನೀನೊಬ್ಳೇ ಅಲ್ಲ, ನಾನೂ ಸೋಮಾರಿತನ ಅಂತ್ಲೇ ಅನ್ಕಂಡಿದ್ದೆ. ಮನಸ್ಸಿನಾಗೆ ನಿಂಗಿಂತ ಜಾಸ್ತಿ ಬೈಕಂಡಿದೀನಿ ಆ ಕಾಲನ್ನ."

"ನಾನು ಹತ್ತು ಜನರ ಎದುರಿಗೆ ಬೈದ್ನಲ್ಲೋ."

"ಅದು ಬ್ಯಾಸರ ಆತು. ಇಲ್ಲ ಅನ್ನಲ್ಲ. ಏಳು, ಬಸ್ಸಿಗೆ ಹೋಗಾಣ."

ಬೇಸರವಾಗಲಿಲ್ಲ ಎಂದಿದ್ದರೆ ನಾನು ನಂಬುತ್ತಿರಲಿಲ್ಲ. ಹಾಗೆ ಹೇಳಿದ್ದರಿಂದಲೇ ಅವತ್ತು ಎದ್ದು ನಡೆಯಲು ಆಯಿತು.

ಮೆಟ್ಟಿಲು ಹತ್ತಲು ಆಗದೆ ಹೋದಾಗ ಅಣ್ಣ-ಅತ್ತಿಗೆ ಇಬ್ಬರನ್ನೂ ಹಿರೇಗುಂಟನೂರಿಗೆ, ಅಪ್ಪನ ಮನೆಗೆ ಕರೆದುಕೊಂಡು ಹೋದೆವು. ಅಪ್ಪ ಹೊಲ, ಕುರಿ ನೋಡಿಕೊಂಡಿದ್ದವನು. ಎಪ್ಪತ್ತು ದಾಟಿದ್ದರೂ ಮಗನನ್ನು ಬೆಳಿಗ್ಗೆ ಮಂಚದಿಂದ ಎತ್ತಿ ಕುರ್ಚಿಗೆ ಕೂರಿಸುವುದನ್ನು ಯಾರಿಗೂ ಬಿಡಲಿಲ್ಲ. ನಾನು ಶನಿವಾರ ಸ್ಕೂಲು ಮುಗಿಸಿ ಹೋಗುತ್ತಿದ್ದೆ. ಅಣ್ಣನ ಗೆಳೆಯರು ತಮ್ಮ ವಿಡಿಯೋಗಳನ್ನು ಕಳಿಸುತ್ತಿದ್ದರು. ನಾನು ಫೋನು ಹಿಡಿಯುತ್ತಿದ್ದೆ, ಅವನು ಹೇಳುತ್ತಿದ್ದ, ನಾನು ಬರೆದು ಕಳಿಸುತ್ತಿದ್ದೆ. ಇವನು ಬ್ರೇಕ್ ಒಮ್ಮೆಲೇ ಬಿಡ್ತಾನೆ, ನಿಧಾನಕ್ಕೆ ಬಿಡೋಕೆ ಹೇಳು. ಇವನು ತಲೆ ತಿರುಗ್ಸಲ್ಲ. ಯಾರಿಗಾದರೂ ಕಾಲಿನ ಬಗ್ಗೆ ಹೇಳುವಾಗ ಮಾತ್ರ ಮೊದಲು ಕೇಳುತ್ತಿದ್ದ, "ನೋವೇನಾದ್ರೂ ಐತಾ ಅಂತ ಕೇಳವ್ವ."

ಕಾಯಿಲೆಯ ಮೂರನೇ ವರ್ಷ ಮಾತು ತೊದಲಿತು, ಆಮೇಲೆ ನಿಂತಿತು. ಆಗ ನಾನು ಅಂಗಳದಲ್ಲಿ ಕೂತು ವಿಡಿಯೋಗಳಿಂದ ನನ್ನ ಸ್ವರ ಅಳಿಸಬೇಕೆಂದು ಹೊರಟೆ. ಅತ್ತಿಗೆ ನೋಡಿದಳು.

"ಏನು ಮಾಡ್ತಿದೀಯ?"

"ಸೌಂಡ್ ತೆಗೀತಿದೀನಿ ಅತ್ತಿಗೆ. ನಂಗೆ ಕೇಳಕ್ಕಾಗಲ್ಲ."

"ತೆಗೀಬ್ಯಾಡ. ನೀನು ಬೈದಿದ್ದಕ್ಕೇ ಅಲ್ವಾ ಅದ್ರಾಗೆ ಅವರು ಮಾತಾಡಿರೋದು? ಅವರ ಮಾತು ಇನ್ನೆಲ್ಲೂ ಇಲ್ಲ ನನ್ನ ಹತ್ರ."

ತೆಗೆಯಲಿಲ್ಲ. ಎಲ್ಲವನ್ನೂ ಅವಳ ಫೋನಿಗೆ ಹಾಕಿಕೊಟ್ಟೆ.

ಅಣ್ಣ ಹೋಗಿದ್ದು ಒಂದು ಸೋಮವಾರ ಬೆಳಿಗ್ಗೆ, ಅಪ್ಪ ಕುರ್ಚಿಗೆ ಕೂರಿಸಿ ದಿಂಬು ಸರಿಮಾಡುತ್ತಿದ್ದಾಗ. ಹೊಲದಲ್ಲೇ ಮಣ್ಣು ಮಾಡಿದೆವು. ಬಂದ ಗೆಳೆಯರು ತಮ್ಮ ಬೈಕುಗಳನ್ನು ಊರ ಹೊರಗೇ ನಿಲ್ಲಿಸಿ ನಡೆದು ಬಂದಿದ್ದರು.

ಎಲ್ಲ ಹೋದ ಮೇಲೆ ಅಪ್ಪ ಜಗಲಿಯ ಮೇಲೆ ನನ್ನ ಪಕ್ಕ ಬಂದು ಕೂತ.

"ಅವ್ನು ಚೆನ್ನಾಗಿ ಓಡಿಸ್ತಿದ್ನೇನವ್ವ?"

"ಚೆನ್ನಾಗಿ ಓಡಿಸ್ತಿದ್ದ ಅಪ್ಪ. ತೋರಿಸ್ಲಾ?"

ಅಪ್ಪ ನನ್ನ ಕೈಯಲ್ಲಿದ್ದ ಫೋನನ್ನು ನೋಡಿದ, ಕೈ ಮುಂದೆ ಚಾಚಲಿಲ್ಲ.

"ಬ್ಯಾಡ. ನಾನು ಅವ್ನನ್ನ ಎತ್ತಿ ಕೂರಿಸಿದ್ದಷ್ಟೇ ನೆನಪು ಸಾಕು ನಂಗೆ" ಎಂದು ಎದ್ದು, ಬೆಳಗಿನಿಂದ ಕಟ್ಟಿಯೇ ಇದ್ದ ಕುರಿಗಳನ್ನು ಬಿಡಲು ಹೋದ.