ಬೆನ್ನುನೋವು ಮತ್ತು ಬಯಕೆಯ ಮಣೆ

ನಾನು ಉಡುಪಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಬಸುರಿಯಾದಾಗ ವಾಂತಿ, ತಲೆಸುತ್ತು ಎಂದು ಎಲ್ಲರೂ ಹೆದರಿಸಿದ್ದರು. ಅದೊಂದೂ ಬರಲಿಲ್ಲ. ಜಂಬದಿಂದ ಓಡಾಡಿಕೊಂಡಿದ್ದೆ. ಆರನೇ ತಿಂಗಳಿಗೆ ಬೆನ್ನು ಹಿಡಿದುಕೊಂಡಿತು. ಎರಡು ಪೀರಿಯಡ್ ಬೋರ್ಡಿನ ಮುಂದೆ ನಿಂತರೆ ಸೊಂಟಕ್ಕೆ ಯಾರೋ ಬೀಗ ಜಡಿದಂತಾಗುತ್ತಿತ್ತು. ಕೈಯಿಂದ ಜಾರಿ ಬಿದ್ದ ಚಾಕ್‌ಪೀಸನ್ನು ಅಲ್ಲೇ ಬಿಟ್ಟು ಹೊಸದನ್ನು ತೆಗೆದುಕೊಳ್ಳುವಷ್ಟು ಧಾರಾಳಿಯಾಗಿಬಿಟ್ಟಿದ್ದೆ.

ಸುದ್ದಿ ಹಬ್ಬಿದ್ದೇ ತಡ, ಸಲಹೆಗಳು ಬಂದವು. ಕಾಪುವಿನಲ್ಲಿರುವ ಅಮ್ಮ ಸುಡುಸುಡು ನೀರನ್ನು ಬೆನ್ನಿಗೆ ಹೊಯ್ದುಕೊಳ್ಳಲು ಫೋನಿನಲ್ಲಿ ಹೇಳಿದಳು. ಕಾರ್ಕಳದ ಪಕ್ಕ ಕುಕ್ಕುಂದೂರಿನಲ್ಲಿರುವ ಅತ್ತೆ ಉಳುಕು ತೆಗೆಯುವ ಹೆಂಗಸನ್ನು ಕರೆಸುತ್ತೇನೆಂದರು. ನನ್ನ ಗಂಡನಿಗೆ ಕೆಲಸ ಮಲ್ಪೆಯ ಐಸ್ ಪ್ಲಾಂಟಿನಲ್ಲಿ. ಹಾಗಾಗಿ ಅವನ ಪ್ರಕಾರ ಲೋಕದ ಎಲ್ಲ ನೋವಿಗೂ ಮದ್ದು ಒಂದೇ. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಐಸ್ ತರಬೇಕಿತ್ತಾ ಎಂದು ಕೇಳುತ್ತಿದ್ದ. ನನಗೋ ಸಿಟ್ಟು ಮೂಗಿನ ತುದಿಯಲ್ಲಿ. ಅತ್ತೆಯೊಬ್ಬರನ್ನು ಬಿಟ್ಟು ಉಳಿದಿಬ್ಬರಿಗೂ ಬೈದು ಮಣಿಪಾಲದ ಡಾಕ್ಟರ ಬಳಿಗೆ ಹೋದೆ.

ಡಾಕ್ಟರು ಪರೀಕ್ಷೆ ಮಾಡಿ, ಹೊಟ್ಟೆ ಮುಂದಕ್ಕೆ ಬಂದಂತೆ ಬೆನ್ನಿಗೆ ಕೆಲಸ ಹೆಚ್ಚುತ್ತದೆ, ಮಗು ಚೆನ್ನಾಗಿದೆ ಎಂದರು. ತಮ್ಮನ್ನು ಕೇಳದೆ ನೋವಿನ ಮಾತ್ರೆ ನುಂಗಬಾರದು, ಯಾರ ಕೈಯಲ್ಲೂ ಗಟ್ಟಿಯಾಗಿ ತಿಕ್ಕಿಸಿಕೊಳ್ಳಬಾರದು ಎಂದು ತಾಕೀತು ಮಾಡಿದರು. ನೋವು ಅಲೆಯಂತೆ ಬಂದು ಹೋಗುತ್ತಿದ್ದರೆ, ರಕ್ತ ಅಥವಾ ನೀರು ಹೋದರೆ, ಜ್ವರ ಬಂದರೆ, ಕಾಲು ಜೋಮು ಹಿಡಿದರೆ ಬೆಳಗಾಗಲಿ ಎಂದು ಕಾಯದೆ ಬರಬೇಕಂತೆ. ಆಮೇಲೆ ಫಿಸಿಯೋಥೆರಪಿಯವಳ ಹತ್ತಿರ ಕಳಿಸಿದರು.

ಅವಳು ನನಗಿಂತ ಚಿಕ್ಕವಳು, ಆದರೆ ನನಗಿಂತ ಜೋರು ಟೀಚರ್. ಎಡ ಮಗ್ಗುಲಾಗಿ ಮಲಗಿ ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಇನ್ನೊಂದು ಇಟ್ಟುಕೊಳ್ಳಲು ಕಲಿಸಿದಳು. ಏಳುವಾಗ ಮೊದಲು ಮಗ್ಗುಲಾಗಿ ಹೊರಳಿ, ಕೈಯೂರಿ ಏಳಬೇಕು. ತುಂಬಾ ಹೊತ್ತು ನಿಲ್ಲುವುದಾದರೆ ಒಂದು ಕಾಲನ್ನು ಚಿಕ್ಕ ಸ್ಟೂಲಿನ ಮೇಲಿಡಬೇಕು. ನೀರಿನ ಚೀಲ ಬೆಚ್ಚಗಿದ್ದರೆ ಸಾಕು, ಸುಡಬಾರದು. ಕೈ ಮತ್ತು ಮೊಣಕಾಲೂರಿ ಬೆಕ್ಕಿನ ಹಾಗೆ ಬೆನ್ನನ್ನು ಮೆಲ್ಲಗೆ ಮೇಲಕ್ಕೆ ಬಾಗಿಸಿ ಇಳಿಸುವ ವ್ಯಾಯಾಮವನ್ನೂ ಮಾಡಿಸಿದಳು. ಕೊನೆಗೆ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂರಬೇಡಿ, ನಿಮಗೆ ನೋವು ಏಳುವುದು ಅದರಲ್ಲೇ ಎಂದಳು. ಉಳಿದದ್ದೆಲ್ಲ ಸರಿ, ನನಗೆ ಕಷ್ಟವಿದ್ದದ್ದು ಇದೊಂದರಲ್ಲೇ.

ಏಕೆಂದರೆ ಏಳನೇ ತಿಂಗಳಲ್ಲಿ ಅತ್ತೆಯ ಮನೆಯಲ್ಲಿ ಬಯಕೆಯ ಶಾಸ್ತ್ರವಿತ್ತು. ಬೇರೆ ಕಡೆ ಸೀಮಂತ ಎನ್ನುತ್ತಾರಲ್ಲ, ಅದೇ. ಬಸುರಿಯನ್ನು ಮಣೆಯ ಮೇಲೆ ಕೂರಿಸಿ, ಬಳೆ ತೊಡಿಸಿ, ಹೂ ಮುಡಿಸಿ, ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಆರತಿ ಎತ್ತಿ, ಬಗೆಬಗೆಯ ತಿಂಡಿ ಬಡಿಸುವಷ್ಟರಲ್ಲಿ ಅರ್ಧ ದಿನವೇ ಹೋಗುತ್ತದೆ. ಅಷ್ಟು ಹೊತ್ತೂ ನೆಲದಲ್ಲಿ ಕೂತರೆ ನನ್ನನ್ನು ಎತ್ತಲು ಜನ ಬೇಕಾಗುತ್ತಿತ್ತು. ಕೂರುವುದಿಲ್ಲ ಎಂದರೆ ಅತ್ತೆಯ ಮನಸ್ಸು ಮುರಿಯುತ್ತಿತ್ತು. ಅವರಿಗೆ ನಾನೊಬ್ಬಳೇ ಸೊಸೆ. ಮದುವೆಯಾದಾಗಿನಿಂದ ಈ ದಿನಕ್ಕೇ ಕಾದಿದ್ದರು. ಶಾಸ್ತ್ರದಲ್ಲಿ ಒಂದೆಳೆ ಆಚೀಚೆ ಆದರೂ ಒಪ್ಪದವರು ಎಂದು ನೆಂಟರಲ್ಲೆಲ್ಲ ಹೆಸರು ಬೇರೆ. ಅವರಿಗೆ ಹೇಳು ಎಂದು ಗಂಡನಿಗೆ ಒಪ್ಪಿಸಿದರೆ, ಆ ವಾರವಿಡೀ ಅವನಿಗೆ ಐಸ್ ಪ್ಲಾಂಟಿನಲ್ಲಿ ಪುರುಸೊತ್ತೇ ಇರಲಿಲ್ಲ.

ಅಷ್ಟರಲ್ಲಿ ಅತ್ತೆಯೇ ನಮ್ಮಲ್ಲಿಗೆ ಬಂದರು. ಬಂದ ದಿನ ನಾನು ಕೋಣೆಯಲ್ಲಿ ಮೊಣಕಾಲೂರಿ ಬೆಕ್ಕಾಗಿದ್ದೆ. ಬಾಗಿಲಲ್ಲಿ ನಿಂತು ನೋಡಿದವರು, ಕಿವಿಯ ಬೆಂಡೋಲೆ ಬಿತ್ತಾ ಎಂದು ಕೇಳಿ, ಟಾರ್ಚ್ ತಂದು ಮಂಚದ ಕೆಳಗೆ ಹುಡುಕತೊಡಗಿದರು. ನಗು ತಡೆದುಕೊಂಡು ವಿಷಯ ಹೇಳಿದೆ. ಅವರು ಮಂಚದ ಮೇಲೆ ಕೂತು ಕೊನೆಯವರೆಗೂ ನೋಡಿದರು. ಮರುದಿನ ಬೆಳಿಗ್ಗೆ ಅವರ ಕೋಣೆಯ ಬಾಗಿಲು ಓರೆಯಾಗಿತ್ತು. ಒಳಗೆ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅತ್ತೆಯೂ ಬೆಕ್ಕಾಗಿದ್ದರು. ನಾನು ಸದ್ದಿಲ್ಲದೆ ಹಿಂದೆ ಸರಿದೆ.

ಅದನ್ನು ಕಂಡು ಸ್ವಲ್ಪ ಧೈರ್ಯ ಬಂತು. ಅವರು ಅಲಸಂಡೆ ಹೆಚ್ಚುತ್ತಿದ್ದಾಗ ಹೋಗಿ ಹೇಳಿಯೇಬಿಟ್ಟೆ.

"ಅತ್ತೆ, ಬಯಕೆಯ ದಿನ ಮಣೆಯಲ್ಲಿ ಅಷ್ಟು ಹೊತ್ತು ಕೂರಲಿಕ್ಕೆ ನನ್ನಿಂದ ಆಗುವುದಿಲ್ಲ."

ಅತ್ತೆ ತಲೆ ಎತ್ತದೆ ಹೆಚ್ಚುತ್ತಲೇ ಇದ್ದರು. ಚೂರಿಯ ಸದ್ದು ಮಾತ್ರ ಸ್ವಲ್ಪ ಜೋರಾಯಿತು. ಸಿಟ್ಟು ಬಂದಿದೆ ಎಂದುಕೊಂಡೆ. ಸಂಜೆ ಅವರು ಊರಿಗೆ ಹೋದ ಮೇಲೆ ಕೂತು ಕಣ್ಣೀರನ್ನೂ ಹಾಕಿದೆ. ಹಲ್ಲು ಕಚ್ಚಿ ನೆಲದಲ್ಲೇ ಕೂರುವುದು, ಆದದ್ದಾಗಲಿ ಎಂದು ತೀರ್ಮಾನಿಸಿದೆ.

ಬಯಕೆಯ ದಿನ ಹಸಿರು ಸೀರೆಯುಟ್ಟು ಕುಕ್ಕುಂದೂರಿನ ಮನೆಯ ಚಾವಡಿಗೆ ಬಂದವಳು ಹಾಗೇ ನಿಂತುಬಿಟ್ಟೆ. ನಡುವೆ ಕೈಗಳಿರುವ, ಮಾವನವರ ಮರದ ಕುರ್ಚಿ ಇತ್ತು. ಅದರ ಮೇಲೆ ಶಾಸ್ತ್ರದ ಮಣೆ. ಜಾರದಂತೆ ಹಗ್ಗದಿಂದ ಬಿಗಿದು, ಮೇಲೆ ಕೆಂಪು ರೇಷ್ಮೆಯ ಪಟ್ಟೆ ಹಾಸಿದ್ದರು. ಬೆನ್ನಿಗೆ ದಿಂಬು, ಕಾಲಿಡಲು ಸ್ಟೂಲು, ಎಲೆ ಹಾಕಲು ಟೀಪಾಯಿ. ಕುರ್ಚಿಯ ನಾಲ್ಕು ಕಾಲುಗಳ ಸುತ್ತಲೂ ರಂಗೋಲಿ ಬೇರೆ.

ಮಾವನ ಅಕ್ಕನಿಗೆ ಇದು ಸರಿ ಕಾಣಲಿಲ್ಲ. ಇದೆಂತ ಹೊಸ ಕ್ರಮ ಎಂದು ಎಲ್ಲರಿಗೂ ಕೇಳುವಂತೆ ವಿಚಾರಿಸಿದರು. ಮಣೆಯಲ್ಲಿ ಕೂರಬೇಕು ಅಂತ ಉಂಟು, ಮಣೆ ನೆಲದಲ್ಲೇ ಇರಬೇಕು ಅಂತ ಎಲ್ಲಿ ಉಂಟು ಎಂದು ಅತ್ತೆ ತಣ್ಣಗೆ ಕೇಳಿದರು. ಹೆಂಗಸರು ಮುಸಿಮುಸಿ ನಕ್ಕರು. ನಾನು ಕೂತೆ. ಹಾಯೆನಿಸಿತು. ಆದರೆ ಮಾವನ ಅಕ್ಕ ಬಿಡಲಿಲ್ಲ.

"ನಮ್ಮ ಕಾಲದಲ್ಲಿ ನಮಗೆ ಯಾರು ಕುರ್ಚಿ ಕೊಟ್ಟಿದ್ದಾರೆ?"

"ಯಾರೂ ಕೊಡಲಿಲ್ಲ," ಎಂದರು ಅತ್ತೆ, ನನ್ನ ಕೈಗೆ ಬಳೆ ಏರಿಸುತ್ತಾ. "ಇವಳ ಗಂಡ ನನ್ನ ಹೊಟ್ಟೆಯಲ್ಲಿದ್ದಾಗ ಬೆನ್ನುನೋವು ತಡೆಯಲಿಕ್ಕಾಗದೆ ನಾನು ಮಣೆಯಲ್ಲಿ ಕೂತೇ ಅತ್ತದ್ದುಂಟು. ಸಂತೋಷಕ್ಕೆ ಅಳುತ್ತಾಳೆ ಅಂತ ನೀವೆಲ್ಲ ನಕ್ಕಿದ್ದಿರಿ."

ಮಾವನ ಅಕ್ಕ ಎದ್ದು ಬಂದು, ನನ್ನ ಬೆನ್ನ ಹಿಂದಿನ ದಿಂಬನ್ನು ಸರಿಮಾಡಿದರು.